ಫ್ರಿಜ್ಜಿನ ಮೇಲಿನ ಇಪ್ಪತ್ತೈದು

ಸಿಡ್ನಿಯ ಟೂಂಗಾಬಿಯ ಆ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಫ್ರಿಜ್ಜಿನ ಬಾಗಿಲು ತೆಗೆಯಲು ಅಪ್ಪಣೆ ಬೇಕಿತ್ತು. ಹಾಲು, ಮೊಸರು ಬೇಕಾದವರು ಏಳೂವರೆಯೊಳಗೆ ತೆಗೆದಿಟ್ಟುಕೊಳ್ಳಬೇಕು. ಅಲ್ಲಿಂದ ಹತ್ತು ಗಂಟೆಯವರೆಗೆ ಆ ಬಾಗಿಲು ಅಣ್ಣನಿಗೆ ಮತ್ತು ನನಗೆ ಸೇರಿದ್ದು. ಅದರ ಮೇಲೆ ಅಮೆರಿಕದ ಇಪ್ಪತ್ತೈದು ಸಣ್ಣ ಕಾಲೇಜುಗಳ ಫುಟ್‌ಬಾಲ್ ತಂಡಗಳು ಸಾಲಾಗಿ ನಿಂತಿರುತ್ತಿದ್ದವು. ಯಾರು ಮೇಲೇರಬೇಕು, ಯಾರು ಕೆಳಗಿಳಿಯಬೇಕು ಎಂದು ನಾವಿಬ್ಬರು ಚಹಾ ಕುಡಿಯುತ್ತಾ ತೀರ್ಮಾನ ಮಾಡುತ್ತಿದ್ದೆವು. ಆ ತಂಡಗಳಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದರೂ ಪಾಪ ಏನು ಮಾಡುತ್ತಿದ್ದರು!

ಅಣ್ಣ ನನ್ನ ಒಡಹುಟ್ಟಿದವರಲ್ಲ. ಬೆಳಗಾವಿ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು, ಫಿಸಿಯೋಥೆರಪಿಸ್ಟ್. ನಾನು ಮೈಸೂರಿನಿಂದ ಓದಲು ಬಂದು, ಓದು ಮುಗಿಸಿ, ಆಸ್ಟ್ರೇಲಿಯಾದಲ್ಲಿ ಕಾಯಂ ಉಳಿಯುವ ಪಿಆರ್ ಪರವಾನಗಿ ಬರುವುದನ್ನು ಕಾಯುತ್ತಾ ಅವರ ಮನೆಯ ಹಿಂದಿನ ರೂಮಿನಲ್ಲಿ ರೆಂಟಿಗಿದ್ದೆ. ಅಂಕಲ್ ಎಂದು ಕರೆದದ್ದಕ್ಕೆ ಮೊದಲ ದಿನವೇ ಬೈಸಿಕೊಂಡೆ. "ಅಂಕಲ್ ಅಂದ್ರ ರೂಮ್ ಕೊಡೂದಿಲ್ಲ ನೋಡು" ಎಂದರು. ಅವರ ಹೆಂಡತಿಯನ್ನು ಅತ್ತಿಗೆ ಎಂದರೆ ಅವರು ತಿರುಗಿಯೂ ನೋಡುತ್ತಿರಲಿಲ್ಲ, ವೈನಿ ಎನ್ನಬೇಕಿತ್ತು. ನಾನು ಸಾರಿಗೆ ಬೆಲ್ಲ ಹಾಕುವ ಊರಿನವನು ಎಂಬುದು ವೈನಿಗೆ ಮೂರು ವರ್ಷವೂ ಸಾಕಾಗುವಷ್ಟು ನಗೆಯ ಸರಕಾಗಿತ್ತು.

ಅಣ್ಣನಿಗೆ ಈ ಹುಚ್ಚು ಹಿಡಿದದ್ದು ಸಿಡ್ನಿಗೆ ಬರುವ ಮುಂಚೆ. ಅಮೆರಿಕದ ನಡುಭಾಗದಲ್ಲಿ, ಸುತ್ತ ಮೆಕ್ಕೆಜೋಳದ ಹೊಲಗಳಿರುವ ಒಂದು ಪುಟ್ಟ ಊರಿನ ಪುಟ್ಟ ಕಾಲೇಜಿನಲ್ಲಿ ಎರಡು ವರ್ಷ ಓದಿದ್ದರು. ಪ್ರತಿ ಶನಿವಾರ ಆಟಕ್ಕೆ ಮುಂಚೆ ಆ ಹುಡುಗರ ಕಾಲಿಗೆ ಬಿಳಿ ಟೇಪು ಸುತ್ತುವುದು ಅವರ ಕೆಲಸ. ಹೆಸರಿಗೆ ಫುಟ್‌ಬಾಲ್, ಆದರೆ ಆ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಜಾಸ್ತಿ. ಮೊಟ್ಟೆಯಾಕಾರದ ಚೆಂಡನ್ನು ಅಪ್ಪಿಕೊಂಡು ಓಡಬೇಕು, ಓಡುವವನನ್ನು ಉಳಿದವರು ಕೆಡವಬೇಕು. "ಎರಡ ವರ್ಷ ನಾ ಆಟ ನೋಡಿಲ್ಲ ತಮ್ಮಾ, ಬರೇ ಕಣಕಾಲು ನೋಡೇನಿ" ಎನ್ನುತ್ತಿದ್ದರು. ಯಾವ ಹುಡುಗನ ಎಡಗಾಲು ಹೇಗೆ ಉಳುಕುತ್ತಿತ್ತು, ಯಾರು ಟೇಪು ಬಿಗಿಯಾಯಿತೆಂದು ಅಳುತ್ತಿದ್ದ ಎಂಬುದೆಲ್ಲ ಅವರಿಗೆ ನೆನಪಿತ್ತು. ಅವರಲ್ಲಿ ಒಬ್ಬನೂ ದೊಡ್ಡ ಆಟಗಾರನಾಗಲಿಲ್ಲ. ಆಟಕ್ಕೆಂದು ಸ್ಕಾಲರ್‌ಶಿಪ್ಪೇ ಕೊಡದ ದರ್ಜೆಯ ಕಾಲೇಜುಗಳು ಅವು. ಸೋಮವಾರ ಕೆಮಿಸ್ಟ್ರಿ ಪರೀಕ್ಷೆ ಇಟ್ಟುಕೊಂಡು ಶನಿವಾರ ಆಡುವ ಹುಡುಗರು.

ಇಂಥ ನೂರಾರು ತಂಡಗಳು ಸೆಪ್ಟೆಂಬರಿನಿಂದ ನವೆಂಬರಿನವರೆಗೆ ತಲಾ ಹತ್ತು ಆಟ ಆಡುತ್ತವೆ. ಎಲ್ಲರೂ ಎಲ್ಲರೊಡನೆ ಆಡಲು ಆಗದು. ಹಾಗಾಗಿ ಯಾರು ಯಾರಿಗಿಂತ ಮೇಲು ಎನ್ನುವುದು ವಾದದಿಂದಲೇ ನಿರ್ಧಾರವಾಗಬೇಕು. ಒಂದು ಭಾನುವಾರ ಅಣ್ಣ ಒಬ್ಬರೇ ಕಾಗದದ ಮೇಲೆ ಏನೋ ಬರೆದು ಹೊಡೆದುಹಾಕುತ್ತಾ ಕೂತಿದ್ದರು. ನಾನು ಇಣುಕಿ ನೋಡಿ, "ಅಲ್ಲಾ ಅಣ್ಣ, ಇವರು ಅವರಿಗೆ ಸೋತಿದ್ದಾರೆ, ಮತ್ತೆ ಮೇಲೆ ಹೇಗೆ ಬಂದರು?" ಎಂದೆ. ಕೆಟ್ಟೆ! ಅವತ್ತಿನಿಂದ ಮೂರು ಸೀಸನ್ ನನಗೆ ಭಾನುವಾರ ಎಂಬುದೇ ಇರಲಿಲ್ಲ.

ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಬೇರೆಯವರ ತಪ್ಪು ಹುಡುಕುವುದಕ್ಕೇ ಸಂಬಳ, ಸ್ವಭಾವವೂ ಅದಕ್ಕೆ ತಕ್ಕ ಹಾಗೇ ಇತ್ತು. ಅಣ್ಣನ ಪಟ್ಟಿಗೆ ನಾನು ಕಟ್ಟಲೆ ತಂದೆ. ತಂಡದ ಹೆಸರುಗಳನ್ನು ಅದೇ ಕಾಲಿಗೆ ಸುತ್ತುವ ಬಿಳಿ ಟೇಪಿನ ಮೇಲೆ ಬರೆದು ಫ್ರಿಜ್ಜಿಗೆ ಅಂಟಿಸುವುದು, ಕಿತ್ತು ಮೇಲೆ ಕೆಳಗೆ ಮಾಡುವುದು ಅಣ್ಣನ ಉಪಾಯ. ಇಬ್ಬರೂ ಒಪ್ಪದೆ ಯಾವ ತಂಡವೂ ಫ್ರಿಜ್ಜು ಹತ್ತಬಾರದು, ಹತ್ತು ಗಂಟೆಗೆ ಪಟ್ಟಿ ಬಂದ್ ಆಗಬೇಕು, ಆಮೇಲೆ ಮುಟ್ಟುವಂತಿಲ್ಲ. ಇವು ನನ್ನ ಕಟ್ಟಲೆಗಳು. ಹತ್ತು ಗಂಟೆ ಎನ್ನುವುದು ನಿಜವಾಗಿ ವೈನಿಯದು. "ಹತ್ತರ ಮ್ಯಾಲ ನನ್ನ ಫ್ರಿಜ್ ನನಗ ಬೇಕು" ಎಂದು ಅವರು ಕಾಯಿಪಲ್ಯೆ ಹೆಚ್ಚಲು ನಿಲ್ಲುತ್ತಿದ್ದರು.

ಜಗಳವೆಲ್ಲ ಬರುತ್ತಿದ್ದದ್ದು ಅಣ್ಣನ ಕಾಲೇಜಿನ ವಿಷಯಕ್ಕೆ. ಅದು ಆರು ಗೆದ್ದು ನಾಲ್ಕು ಸೋಲುವ ತಂಡ. ಪ್ರತಿ ವಾರವೂ ಅಣ್ಣ ಅದರ ಹೆಸರಿನ ಟೇಪನ್ನು ಬೆರಳ ತುದಿಗೆ ಅಂಟಿಸಿಕೊಂಡು, "ಇಪ್ಪತ್ತೈದಕ್ಕ ಹಾಕೋಣೇನು?" ಎನ್ನುವರು. ನಾನು "ಹೆತ್ತವರಿಗೆ ಹೆಗ್ಗಣ ಮುದ್ದು ಅಣ್ಣಾ" ಎನ್ನುವೆ. ಅವರು ನಕ್ಕು ಟೇಪನ್ನು ಫ್ರಿಜ್ಜಿನ ಪಕ್ಕದ ಗೋಡೆಗೆ ಅಂಟಿಸಿಬಿಡುವರು. ಇದೂ ಒಂದು ಆಟವೇ ಆಗಿತ್ತು.

ಮೂರನೆಯ ವರ್ಷ ಅದು ಆಟವಾಗಿ ಉಳಿಯಲಿಲ್ಲ. ವಿದ್ಯಾರ್ಥಿಗಳು ಸಾಲದೆ, ನಡೆಸಲಾಗದೆ, ಮುಂದಿನ ಬೇಸಿಗೆಗೆ ಕಾಲೇಜನ್ನೇ ಮುಚ್ಚುತ್ತಾರೆಂದು ಸುದ್ದಿ ಬಂತು. ಅಣ್ಣ ಅದನ್ನು ಓದಿ ಲ್ಯಾಪ್‌ಟಾಪ್ ಮುಚ್ಚಿ ಅಂಗಳಕ್ಕೆ ಹೋದರು. ಒಣಗಿದ ಬಟ್ಟೆಗಳನ್ನು ಒಂದೊಂದೇ ತೆಗೆದು ಮಡಚಿದರು. ಆ ಕೆಲಸ ಅವರು ಎಂದೂ ಮಾಡಿದ್ದು ನಾನು ನೋಡಿರಲಿಲ್ಲ. ಒಳಗೆ ಬಂದವರು, "ಕಡೀ ಪಟ್ಟಿಯೊಳಗ ಒಮ್ಮೆ ನಮ್ಮವರು ಇದ್ರ ಸಾಕು ತಮ್ಮಾ. ಮುಂದ ಅವರ ಹೆಸರ ಎಲ್ಲೂ ಇರೂದಿಲ್ಲ" ಎಂದರು. ನಾನು ಹೂಂ ಎಂದೆ.

ಆ ವರ್ಷ ಅವರ ತಂಡಕ್ಕೆ ಏನು ಬಂದಿತ್ತೋ, ಎಂಟು ಗೆದ್ದು ಎರಡೇ ಸೋತಿತು. ಕೊನೆಯ ಭಾನುವಾರ ಇಪ್ಪತ್ನಾಲ್ಕು ಟೇಪು ಅಂಟಿಸಿ ಆಗಿತ್ತು. ಇಪ್ಪತ್ತೈದಕ್ಕೆ ಎರಡು ತಂಡ ಉಳಿದಿದ್ದವು: ಅಣ್ಣನ ಕಾಲೇಜು, ಅಷ್ಟೇ ಗೆದ್ದು ಅಷ್ಟೇ ಸೋತ ಇನ್ನೊಂದು.

"ನಿಮ್ಮವರು ಗೆದ್ದ ಎಂಟರಲ್ಲಿ ಒಂದೂ ಗಟ್ಟಿ ತಂಡ ಇಲ್ಲ ಅಣ್ಣಾ," ಎಂದೆ.

"ಮೊದಲನೇ ಆಟದಾಗ ಪಶ್ಚಿಮದಿಂದ ಬಂದವರನ್ನ ಸೋಲಿಸ್ಯಾರಲ್ಲ?"

"ಅವರು ಗಟ್ಟಿ ಅಂತ ಯಾರು ಹೇಳಿದ್ದು? ಈಗ ನಮ್ಮ ನಾಲ್ಕನೇ ನಂಬರಿನವರ ಮೇಲೆ ಆಡ್ತಿದ್ದಾರೆ, ನೋಡಿ. ಹದಿನೇಳು ಪಾಯಿಂಟ್ ಹಿಂದೆ ಇದ್ದಾರೆ."

"ಆಟ ಮುಗದಿಲ್ಲಲ್ಲ."

ನಿಜ, ಮುಗಿದಿರಲಿಲ್ಲ. ಸೆಪ್ಟೆಂಬರಿನಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಆಟಗಳೂ ನಮ್ಮ ಒಂಬತ್ತು ಗಂಟೆಗೆಲ್ಲ ಮುಗಿಯುತ್ತಿದ್ದವು. ಆದರೆ ಅಕ್ಟೋಬರಿನಲ್ಲಿ ನಮ್ಮ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ನವೆಂಬರಿನಲ್ಲಿ ಅವರದು ಒಂದು ಗಂಟೆ ಹಿಂದಕ್ಕೆ. ಸೀಸನ್ನಿನ ಕೊನೆಗೆ ಆಟ ಮುಗಿಯುವಾಗ ನಮಗೆ ಹನ್ನೊಂದು. ನನ್ನ ಕಟ್ಟಲೆ ಮಾತ್ರ ಹತ್ತು ಗಂಟೆಗೇ ನಿಂತಿತ್ತು.

"ಇನ್ನೊಂದು ತಾಸು ತಡಿಯೋಣೇನು? ಆಕಿಗೆ ನಾ ಹೇಳ್ತೀನಿ," ಎಂದರು ಅಣ್ಣ. ವೈನಿ ಚಾಕು ಹಿಡಿದು ನಿಂತಿದ್ದವರು, "ತಡೀರಿ, ಏನ್ ಗಡಿಬಿಡಿ ಇಲ್ಲ ನನಗ" ಎಂದರು. ಆ ಮೂರು ವರ್ಷದಲ್ಲಿ ಅವರು ಹಾಗೆ ಹೇಳಿದ್ದು ಅದೊಂದೇ ಸಲ.

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. "ಹತ್ತು ಅಂದ್ರೆ ಹತ್ತು. ನಮ್ಮದು ಅಂತ ಕಟ್ಟಲೆ ಬದಲಾಯಿಸಿದರೆ ಪಟ್ಟಿಗೆ ಏನು ಬೆಲೆ?" ಎಂದೆ. ಎಂಥ ನ್ಯಾಯಾಧೀಶ! ಅಣ್ಣ "ಖರೇ ಐತಿ" ಎಂದು ಇನ್ನೊಂದು ತಂಡದ ಟೇಪನ್ನು ತಾವೇ ಇಪ್ಪತ್ತೈದಕ್ಕೆ ಅಂಟಿಸಿದರು. ನಾವು ಅವತ್ತು ಬದನೆಕಾಯಿ ಎಣ್ಣೆಗಾಯಿ, ರೊಟ್ಟಿ ತಿಂದೆವು.

ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋಗುವ ಟ್ರೈನಿನಲ್ಲಿ ಫೋನ್ ತೆಗೆದು ನೋಡಿದೆ. ಹದಿನೇಳು ಪಾಯಿಂಟ್ ಹಿಂದಿದ್ದ ಆ ಪಶ್ಚಿಮದ ತಂಡ ಕೊನೆಯ ನಿಮಿಷದಲ್ಲಿ ಒಂದು ಪಾಯಿಂಟಿನಿಂದ ಗೆದ್ದಿತ್ತು. ನಮ್ಮ ನಾಲ್ಕನೇ ನಂಬರನ್ನು ಸೋಲಿಸಿದವರು ಗಟ್ಟಿ ತಂಡವೇ. ಅವರನ್ನು ಸೋಲಿಸಿದ ಅಣ್ಣನ ಕಾಲೇಜು, ನನ್ನದೇ ವಾದದ ಪ್ರಕಾರ, ಪಟ್ಟಿಯಲ್ಲಿರಬೇಕಿತ್ತು. ಕರುಣೆಗಲ್ಲ, ನ್ಯಾಯವಾಗಿ. ಸಂಜೆ ಮನೆಗೆ ಹೋಗಿ ಹೇಳಬೇಕು ಎಂದುಕೊಂಡೆ. ಹೋದೆ, ಹೇಳಲಿಲ್ಲ. ಅಷ್ಟು ದೊಡ್ಡ ಭಾಷಣ ಬಿಗಿದು ಒಂದೇ ದಿನದಲ್ಲಿ ಮುಖ ಮುರಿಸಿಕೊಳ್ಳಲು ನಾಚಿಕೆಯಾಯಿತು. ನಾಳೆ ಎಂದುಕೊಂಡೆ. ಮಂಗಳವಾರ, ಬುಧವಾರ ಕಳೆದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಅಣ್ಣನೂ ಆ ವಿಷಯ ಎತ್ತಲಿಲ್ಲ. ಪಟ್ಟಿ ಫ್ರಿಜ್ಜಿನ ಮೇಲೆ ಕ್ರಿಸ್‌ಮಸ್ ರಜೆಯವರೆಗೂ ಇತ್ತು. ಹಾಲಿಗೆಂದು ಹೋದಾಗಲೆಲ್ಲ ನಾನು ಇಪ್ಪತ್ತೈದನೆಯ ಹೆಸರನ್ನು ನೋಡದೆ ಬಾಗಿಲು ತೆಗೆಯುವುದನ್ನು ಕಲಿತೆ.

ಫೆಬ್ರವರಿಯಲ್ಲಿ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿತು. ಅಣ್ಣ ನನ್ನ ಸೂಟ್‌ಕೇಸನ್ನು ತಾವೇ ಸ್ಟೇಷನ್ನಿನವರೆಗೆ ಎಳೆದುಕೊಂಡು ಬಂದರು. ಆಮೇಲೆ ಮದುವೆ, ಮಗಳು, ಗ್ಲೆನ್ ವೇವರ್ಲಿಯಲ್ಲಿ ಮನೆ, ಮಾರ್ಟ್‌ಗೇಜ್. ಇಲ್ಲಿ ಆಫೀಸಿನಲ್ಲಿ ಪರಿಚಯವಾದ ಎರಡನೇ ಮಾತಿಗೇ "ನಿನ್ನ ಟೀಮ್ ಯಾವುದು?" ಎಂದು ಕೇಳುತ್ತಾರೆ, ಇಲ್ಲಿಯವರ ಫುಟಿ ಎಂಬ ಚೆಂಡಾಟದ ಬಗ್ಗೆ. ಎಲ್ಲರನ್ನೂ ನಗಿಸುವ ಹಾಗೆ ಏನೋ ಹೇಳಿ ಜಾರಿಕೊಳ್ಳುತ್ತೇನೆ. ನನಗೆ ಟೀಮ್ ಎಂದರೆ ಆ ಅಡುಗೆಮನೆ. ಒಗ್ಗರಣೆಯ ಘಾಟಿಗೆ ಕೆಮ್ಮುತ್ತಾ ಎಂದೂ ನೋಡದ ಊರುಗಳ ಬಗ್ಗೆ ಎಂದೂ ನೋಡದ ಹುಡುಗರ ಪರವಾಗಿ ಗಂಟಲು ಹರಿದುಕೊಳ್ಳುತ್ತಿದ್ದ ನಾವಿಬ್ಬರು. ಅಷ್ಟು ಸುಖವಾಗಿ ನಾನು ಇನ್ನು ಯಾರೊಂದಿಗೂ ಜಗಳವಾಡಿಲ್ಲ. ಅದು ನೆನಪಾದರೆ ಜೊತೆಗೆ ಆ ಸೋಮವಾರವೂ ನೆನಪಾಗುತ್ತಿತ್ತು, ನೆನಪು ಅಲ್ಲಿಗೇ ನಿಲ್ಲುತ್ತಿತ್ತು.

ಕಳೆದ ನವೆಂಬರಿನಲ್ಲಿ ಅಣ್ಣ ಇಲ್ಲೇ ಬಾಕ್ಸ್ ಹಿಲ್‌ನಲ್ಲಿ ಎರಡು ದಿನದ ಟ್ರೈನಿಂಗ್ ಇದೆ ಎಂದು ಬಂದು ನಮ್ಮ ಮನೆಯಲ್ಲಿ ಉಳಿದರು. ಕೂದಲು ಪೂರ್ತಿ ಬೆಳ್ಳಗಾಗಿದೆ. ಭಾನುವಾರ ಬೆಳಿಗ್ಗೆ ಅವಲಕ್ಕಿ ತಿನ್ನುತ್ತಾ ಫೋನಿನಲ್ಲಿ ಸ್ಕೋರು ನೋಡುತ್ತಿದ್ದರು. ನನ್ನ ಮಗಳು ಪಕ್ಕದಲ್ಲಿ ಕೂತು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಿದ್ದಳು, ಅವರು ಬೆಳಗಾವಿಯ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರು, ಇಬ್ಬರಿಗೂ ಏನೂ ತೊಂದರೆ ಇರಲಿಲ್ಲ. ಅವಳು ಎದ್ದು ಹೋದ ಮೇಲೆ ನಾನು ಹೇಳಿಬಿಟ್ಟೆ. ಹತ್ತು ಗಂಟೆ, ಹದಿನೇಳು ಪಾಯಿಂಟು, ಸೋಮವಾರದ ಟ್ರೈನು, ಎಲ್ಲವನ್ನೂ. ಫುಟ್‌ಬಾಲ್ ವಿಷಯಕ್ಕೆ ಐವತ್ತರ ಹತ್ತಿರದ ಗಂಡಸು ಹೀಗೆ ತಪ್ಪೊಪ್ಪಿಕೊಳ್ಳುತ್ತಾನೆ ಎಂದರೆ ಯಾರಾದರೂ ನಗಬಹುದು.

ಅಣ್ಣ ನಗಲಿಲ್ಲ. "ನನಗ ಗೊತ್ತೈತಿ ತಮ್ಮಾ. ಅವತ್ತ ಊಟಕ್ಕ ಕೂಡೂಕಿಂತ ಮೊದಲ ನೋಡಿದ್ನಿ," ಎಂದರು.

"ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ ನೀವು?"

"ನಾ ಹೇಳಿದ್ರ ಏನಾಗ್ತಿತ್ತು? ತನ್ನ ಕಾಲೇಜು ಅಂತ ಹೇಳ್ತಾನ ಅಂತಿದ್ದಿ. ನಾ ನೂರು ಸಲ ಹೇಳೀನಲ್ಲ, ಅದಕ್ಕ ಬೆಲಿ ಇರಲಿಲ್ಲ. ನೀ ಒಮ್ಮೆ ಹೇಳಿದ್ದಿದ್ರ ಅವರು ಗೆದ್ದಂಗ ಆಗ್ತಿತ್ತು."

ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಇಪ್ಪತ್ತು ಕೊಡ್ತೀನಿ ಅಣ್ಣಾ. ಇಪ್ಪತ್ತನೇ ನಂಬರ್," ಎಂದೆ.

"ಪುಕ್ಕಟೆ ಬ್ಯಾಡ. ಲೆಕ್ಕಾ ಹಾಕು."

ಲ್ಯಾಪ್‌ಟಾಪ್ ತೆಗೆದು ಆ ವರ್ಷದ ಹಳೆಯ ಸ್ಕೋರುಗಳನ್ನೆಲ್ಲ ಹುಡುಕಿದೆವು. ಯಾರು ಯಾರನ್ನು ಗೆದ್ದರು, ಎಲ್ಲಿ ಗೆದ್ದರು, ಎಷ್ಟರಿಂದ. ಅಣ್ಣ ಪ್ರತಿಯೊಂದಕ್ಕೂ ಜಗಳ ತೆಗೆದರು, ನಾನೂ ಬಿಡಲಿಲ್ಲ. ಅವಲಕ್ಕಿ ತಟ್ಟೆಯಲ್ಲೇ ಒಣಗಿತು. ಕೊನೆಗೆ ಇಪ್ಪತ್ಮೂರು ಎಂದು ಬಂತು. ನಾನು ಗಟ್ಟಿಯಾಗಿ, ಕಾಲೇಜಿನ ಹೆಸರು ಹಿಡಿದು, "ಇಪ್ಪತ್ಮೂರು" ಎಂದೆ. ಅಣ್ಣ ಕಣ್ಣೊರೆಸಿಕೊಂಡು ವೈನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು.

"ನಮ್ಮವರು ಬಂದರು ನೋಡು. ಇಪ್ಪತ್ಮೂರು," ಎಂದರು. ಯಾವ ನಮ್ಮವರು, ಏನು ಇಪ್ಪತ್ಮೂರು ಎಂದು ವೈನಿ ಕೇಳಲಿಲ್ಲ. ಟೂಂಗಾಬಿಯ ಆ ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿದ ಸದ್ದು ಕೇಳಿಸಿತು.

"ತಮ್ಮ ತಾನಾಗೇ ಹೇಳಿದನೇನು?" ಎಂದರು.

"ಹೌದು," ಎಂದರು ಅಣ್ಣ. "ತಾನಾಗೇ ಹೇಳಿದ."