ಅಕ್ಕನ ಒಪ್ಪೊತ್ತು

ಇಷ್ಟು ವರ್ಷಗಳಲ್ಲಿ ನಾನು ಸರಿಯಾಗಿ ಮಾಡಿದ ಉಪವಾಸ ಒಂದೇ. ಅದಕ್ಕೂ ಒಂದು ಆಸ್ಪತ್ರೆಯ ನೆರವು ಬೇಕಾಯಿತು. ಬಿ.ಸಿ.ರೋಡಿನಲ್ಲಿ ಬಸ್ಸು ಐದು ನಿಮಿಷ ನಿಂತರೆ ಇಳಿದು ಒಂದು ಪ್ಲೇಟು ಗೋಳಿಬಜೆ ಮುಗಿಸಿ ಬರುವ ಆಸಾಮಿ ನಾನು. ಹೆಂಡತಿ ಏಕಾದಶಿ ಮಾಡಿದ ದಿನ ಅವಳ ಪಾಲನ್ನೂ ನಾನೇ ವಿಚಾರಿಸಿಕೊಳ್ಳುತ್ತಿದ್ದೆ.

ಎಸ್‌ಟಿಡಿ ಬೂತುಗಳಿನ್ನೂ ಬಾಗಿಲು ಹಾಕಿರದ ಕಾಲ. ಗುರುವಾಯನಕೆರೆಯ ಶಾಲೆಯಲ್ಲಿ ಮೇಷ್ಟ್ರಾಗಿದ್ದ ನನಗೆ ರಕ್ತದ ಕ್ಯಾನ್ಸರ್ ಬಂತು. ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟುವ, ಮೈಲಾಯ್ಡ್ ಎಂಬ ಜಾತಿಯದು. ಮೂಡುಬಿದಿರೆಗೆ ಮದುವೆಯಾಗಿ ಹೋದ ಅಕ್ಕನ ಸ್ಟೆಮ್ ಸೆಲ್ ನನಗೆ ಹೊಂದುತ್ತದೆ ಎಂದು ಪರೀಕ್ಷೆಯಲ್ಲಿ ಗೊತ್ತಾಗಿ, ಇಬ್ಬರೂ ಬೆಂಗಳೂರಿನ ಆಸ್ಪತ್ರೆ ಸೇರಿದೆವು.

ಅಕ್ಕನದನ್ನು ಹಾಕುವ ಮೊದಲು ನನಗೆ ಕಂಡೀಷನಿಂಗ್ ಆಗಬೇಕಿತ್ತು. ಹೆಸರು ಕೇಳಿದರೆ ಯಾರೋ ತಲೆಗೆ ಎಣ್ಣೆ ಹಚ್ಚಿ ತಿಕ್ಕುತ್ತಾರೆ ಅನ್ನಿಸುತ್ತದೆ. ಕೊಡುವುದು ಕೀಮೋಥೆರಪಿ, ಅದು ಮುಗಿದ ಮೇಲೆ ಎಣ್ಣೆ ಹಚ್ಚಲು ಕೂದಲೇ ಉಳಿದಿರುವುದಿಲ್ಲ. ಆರು ಗಂಟೆಗೊಮ್ಮೆ ಪುಟ್ಟ ಪುಟ್ಟ ಮಾತ್ರೆಗಳನ್ನು ಮುಷ್ಟಿ ತುಂಬ ನುಂಗಿಸಿದರು, ನಾಲ್ಕು ದಿನ. ಆಮೇಲೆ ಡ್ರಿಪ್ಪು. ನೇಜಿ ನೆಡುವ ಮೊದಲು ಗದ್ದೆ ಉಳುವುದಿಲ್ಲವೇ, ಹಾಗೆ ಹಳೆಯ ಮಜ್ಜೆಯನ್ನೆಲ್ಲ ತೆಗೆದು ಜಾಗ ಮಾಡುವ ಕೆಲಸ. ಉತ್ತು ಬಿಟ್ಟ ಗದ್ದೆಯಲ್ಲಿ ಕಳೆಯಾದರೂ ಬರುತ್ತದೆ, ನನ್ನೊಳಗೆ ಅದೂ ಬರುವಂತಿರಲಿಲ್ಲ. ಇನ್ನು ಹಿಂದೆ ಹೋಗುವ ದಾರಿಯಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ನನ್ನ ಕೀಮೋ ಮುಗಿದ ಮರುದಿನ ಅಕ್ಕ ವರಾಂಡದಲ್ಲಿ ತಲೆತಿರುಗಿ ಬಿದ್ದಳು. ವಿಚಾರಿಸಿದರೆ ಮೂರು ವಾರದಿಂದ ಒಪ್ಪೊತ್ತು, ದಿನಕ್ಕೆ ಒಂದೇ ಊಟ. ತಮ್ಮ ಗುಣವಾಗಿ ಮನೆ ಮುಟ್ಟುವವರೆಗೆ ಎಂದು ಹರಕೆ ಹೇಳಿಕೊಂಡಿದ್ದಳು. ಡಾಕ್ಟರು ನೇರ, ಸೋಂಕು ತಗಲದ ಹಾಗೆ ನನ್ನನ್ನು ಒಬ್ಬನೇ ಇಟ್ಟಿದ್ದ ಗಾಜಿನ ಕೋಣೆಗೆ ಬಂದರು.

"ನಿಮ್ಮದನ್ನೆಲ್ಲ ತೆಗೆದಾಗಿದೆ. ಅವರೂ ಮಲಗಿಬಿಟ್ಟರೆ ನಾನು ಎಲ್ಲಿಂದ ತರಲಿ?"

ಆ ಕಾಯಿಲೆಯಲ್ಲಿ ನಾನು ನಿಜವಾಗಿ ಹೆದರಿದ್ದು ಅವತ್ತು. ಅಕ್ಕ ಗಾಜಿನ ಆಚೆ ನಿಂತು, ಒಳಗಿದ್ದವರೊಡನೆ ಮಾತಾಡಲು ಇಟ್ಟಿದ್ದ ಫೋನು ಹಿಡಿದಳು.

"ಹರಕೆ ಹೇಳಿದ್ದು ನಿನ್ನ ಜೀವಕ್ಕೆ ಮಾರಾಯ. ಈಗ ಮುರಿದು ನಿನಗೆ ಏನಾದ್ರೂ ಆದ್ರೆ?"

ಅವಳೊಡನೆ ವಾದ ಮಾಡಿ ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ನನಗಾದರೋ ಗುಟುಕು ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಹೊಳೆಯಿತು.

"ಆ ಹರಕೆ ನಂಗೆ ಕೊಡು ಅಕ್ಕ. ನಾನು ಹೇಗೂ ಉಪವಾಸ. ಒಂದೇ ಕುಟುಂಬ, ಯಾರು ತೀರಿಸಿದ್ರೂ ಸಲ್ತದೆ."

ಅಕ್ಕ ಯೋಚಿಸಿದಳು. ಅಮ್ಮ ಹೇಳಿಕೊಂಡ ಹರಕೆಯನ್ನು ಸೋದರಮಾವ ತೀರಿಸಿದ್ದು ಅವಳಿಗೆ ನೆನಪಾಗಿರಬೇಕು.

"ಆಯ್ತು. ಮನೆ ಮುಟ್ಟುವವರೆಗೆ ಉಂಟು, ನೆನಪಿರಲಿ. ಕಳ್ಳಾಟ ಆಡಬಾರದು."

ಕ್ಯಾಂಟೀನಿನಲ್ಲಿ ಅವಳು ಆರು ಇಡ್ಲಿ ತಿಂದಳೆಂದು ಭಾವ ಬಂದು ವರದಿ ಒಪ್ಪಿಸಿದರು. ಎರಡು ದಿನದ ಮೇಲೆ ಅವಳ ಕೋಶಗಳು ಒಂದು ಸಣ್ಣ ಚೀಲದಲ್ಲಿ ಬಂದು ನನ್ನೊಳಗೆ ಇಳಿದವು. ಆಮೇಲಿನ ಎರಡು ವಾರ ಬಾಯಿಯೆಲ್ಲ ಹುಣ್ಣು. ಅಷ್ಟು ನಿಷ್ಠೆಯಿಂದ ವ್ರತ ಮಾಡಿದವರು ನಮ್ಮ ತಾಲೂಕಿನಲ್ಲಿ ಇರಲಾರರು.

ಒಂದು ಬೆಳಿಗ್ಗೆ ರಕ್ತದಲ್ಲಿ ಹೊಸ ಬಿಳಿಕಣಗಳು ಕಾಣಿಸಿಕೊಂಡವು. ಎಲ್ಲ ಅಕ್ಕನವು. ಹುಣ್ಣು ಮಾಯುತ್ತ ಬಂದು, ನಾಲ್ಕೈದು ದಿನದಲ್ಲಿ ಮಧ್ಯಾಹ್ನ ಎರಡು ಚಮಚ ಗಂಜಿ ಇಳಿಯಿತು. ಅದೇ ಸಂಜೆ, ತಿಂಗಳಿಂದ ಮರೆತೇಹೋಗಿದ್ದ ಒಂದು ಸಂಕಟ ಹೊಟ್ಟೆಯಲ್ಲಿ ಎದ್ದಿತು. ಏನೆಂದು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಫೋನು ಎತ್ತಿಕೊಂಡೆ.

"ಅಕ್ಕ, ಹಸಿವಾಗ್ತದೆ. ಆದ್ರೆ ಇವತ್ತಿನ ಊಟ ಆಗಿದೆ, ಮನೆ ಇನ್ನೂ ಮುಟ್ಟಿಲ್ಲ."

ಅಷ್ಟು ದಿನ ಒಂದು ಹನಿ ಕಣ್ಣೀರು ಹಾಕದವಳು ಗಾಜಿನ ಆಚೆ ಸೆರಗು ಬಾಯಿಗೊತ್ತಿ ಅತ್ತಳು. ಆಮೇಲೆ ಮುಖ ಒರೆಸಿ ಫೋನು ಸರಿಯಾಗಿ ಹಿಡಿದುಕೊಂಡಳು.

"ನೀನು ತಿನ್ನು ಮಾರಾಯ. ದೇವರ ಹತ್ತಿರ ನಾನು ಮಾತಾಡ್ತೇನೆ."