‘ಅಂದುಕೊಂಡು’ ಎಂಬ ಅರ್ಧ ಮಾತು

ಗಾದ್ರಮ್ಮ ಹೊನ್ನಾಳಿಯ ಕ್ರೈಸ್ತರ ಪ್ರಾರ್ಥನಾ ಮಂದಿರದಲ್ಲಿ ಕಸ ಗುಡಿಸುತ್ತಿದ್ದಳು. ಅವಳೇನೂ ಆ ಮತದವಳಲ್ಲ. ಅಲ್ಲಿನ ಉಪದೇಶಿ ಪಾಲಣ್ಣ ಅವಳ ತವರು ಸೊಕ್ಕೆಯವನು, ಆ ಸಲಿಗೆಯಲ್ಲಿ ಸಿಕ್ಕ ಕೆಲಸ. ಎಪ್ಪತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ ಅವಳು ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದಳು. ಮನೆಗೆ ಹೋಗಲು ಮುಖವಿರಲಿಲ್ಲ.

ಆಗಿದ್ದಿಷ್ಟು. ಸವಳಂಗದಲ್ಲಿ ಮದುವೆ ಊಟ ಮುಗಿಸಿ ಬಸ್ಸು ಹತ್ತುವಾಗ ಅತ್ತೆ ಕೆಂಪಕ್ಕ ಹಿಂದೆ ಉಳಿದುಬಿಟ್ಟಳು. ಅವಳಿಗೆ ಎರಡೂ ಕಣ್ಣಿಗೆ ಪೊರೆ. ಕಂಡಕ್ಟರ್ "ನಿಮ್ಮೋರೆಲ್ಲ ಬಂದ್ರೇನಮ್ಮಾ?" ಅಂದಾಗ ಗಾದ್ರಮ್ಮ "ಬಂದ್ರು, ರೈಟ್ ಹೇಳ್ರೀ" ಅಂದಿದ್ದಳು. ನ್ಯಾಮತಿಯಲ್ಲಿ ಜನ ಇಳಿದು, ಅತ್ತೆ ಯಾವಾಗಲೂ ಕೂರುವ ಡ್ರೈವರ್ ಹಿಂದಿನ ಸೀಟು ಖಾಲಿ ಕಂಡಾಗಲೇ ಅವಳು ಬಸ್ಸು ಹತ್ತಿಲ್ಲವೆಂದು ಗೊತ್ತಾಗಿದ್ದು. ತಿರುಗಿ ಹೋದರೆ ಮುದುಕಿ ರಸ್ತೆ ಬದಿ ನಿಂತು, ಹಾದುಹೋಗುವ ಪ್ರತಿ ಸೀರೆಗೂ "ಗಾದ್ರೀ, ನೀನೇನೇ?" ಅನ್ನುತ್ತಿದ್ದಳು.

ಈಗ ಚನ್ನಗಿರಿಯಲ್ಲಿ ಕಣ್ಣಿನ ಶಿಬಿರ, ಪೊರೆ ತೆಗೆಯುತ್ತಾರಂತೆ. ಕೆಂಪಕ್ಕ ಮಾತ್ರ "ಕುರುಡಿಯಾಗೇ ಸಾಯ್ತೀನಿ, ನಿನ್ ಜತೆ ಬಸ್ಸು ಹತ್ತಾಕಿಲ್ಲ" ಅಂತ ಹಟ ಹಿಡಿದಿದ್ದಳು. "ಮುಂದೆ ಕುಂತೀಯ ಅಂದ್ಕೊಂಡೆ ಕಣತ್ತೆ" ಎಂದು ಎಷ್ಟು ಸಲ ಹೇಳಿದರೂ ಗೋಡೆಗೆ ಮುಖ ತಿರುಗಿಸುತ್ತಿದ್ದಳು.

"ಯಾಕವ್ವ, ನೆಲ ಸವೀತೈತೆ" ಅಂದ ಪಾಲಣ್ಣ. ಭಾನುವಾರದ ಉಪದೇಶಕ್ಕೆಂದು ಗ್ರೀಕ್ ಮಾತೊಂದನ್ನು ಹಿಡಿದು ಒದ್ದಾಡುತ್ತಿದ್ದ. ಅವಳು ಎಲ್ಲ ಹೇಳಿಕೊಂಡಳು. ಅವನು ಕನ್ನಡಕ ತೆಗೆದ.

"ನಾನು ನೋಡ್ತಿರೋದೂ ಅದೇ ಮಾತು. ಹಬ್ಬ ಮುಗಿಸಿ ಬರುವಾಗ ಬಾಲ ಯೇಸು ಪಟ್ಟಣದಾಗೇ ಹಿಂದೆ ಉಳ್ದ. ಅವನ ತಾಯ್ತಂದೆ, ಹುಡುಗ ಗುಂಪಿನಾಗೇ ಅವ್ನೆ ಅಂದ್ಕೊಂಡು... ಗ್ರೀಕಿನಾಗೆ ಅದು ‘ನೊಮಿಜೊ’. ವಾಡಿಕೆ ಅನ್ನೋ ಮಾತಿಗೂ ಅದಕ್ಕೂ ನಂಟೈತೆ. ದಿನಾ ಇದ್ದಂಗೆ ಇವತ್ತೂ ಇರ್ತೈತೆ ಅಂತ ತಿಳಿಯೋದು ಅನ್ನು."

"ಅವ್ರೂ ಅಂದ್ಕೊಂಡ್ರಾ?" ಗಾದ್ರಮ್ಮನಿಗೆ ಹೋದ ಜೀವ ಬಂದಂತಾಯಿತು.

"‘ಅಂದ್ಕೊಂಡ್ರು’ ಅಂತಿಲ್ಲ, ‘ಅಂದ್ಕೊಂಡು’ ಅಂತೈತೆ. ಉಂಡು, ಕುಡಿದು ಅಂತೀವಲ್ಲ, ಹಂಗೆ. ಅಲ್ಲಿಗೇ ಮಾತು ನಿಲ್ಲಾಕಿಲ್ಲ. ಮುಂದೇನು ಮಾಡಿದ್ರು ಅಂತ ಬರ್ಲೇಬೇಕು."

"ಏನ್ ಮಾಡಿದ್ರು?"

"ನಡೆದರು. ಒಂದು ಹಗಲಿನ ದಾರಿ ನಡೆದೇಬಿಟ್ರು. ಹುಡುಕಿದ್ದು ಆಮೇಲೆ."

ಗಾದ್ರಮ್ಮ ಪೊರಕೆ ಮೂಲೆಗಿಟ್ಟಳು. ಇಷ್ಟು ದಿನ ತಾನು ಊರಿಗೆಲ್ಲ ಹೇಳಿದ್ದು ಅರ್ಧ ಮಾತು.

ಮನೆಗೆ ಹೋಗಿ ಅತ್ತೆಯ ಕಾಲ ಬಳಿ ಕೂತಳು. "ಅತ್ತೇ, ಮುಂದೆ ಕುಂತೀಯ ಅಂದ್ಕೊಂಡು... ನೋಡಾಕೆ ಏಳಲಿಲ್ಲ. ಕಿಟಕಿ ಸೀಟು ಸಿಕ್ಕಿತ್ತು. ಎದ್ರೆ ಇನ್ಯಾರಾದ್ರೂ ಕೂರ್ತಾರೆ ಅಂತ, ಕೂತಲ್ಲಿಂದ್ಲೇ ರೈಟ್ ಅಂದೆ."

ಕೆಂಪಕ್ಕ ಗೋಡೆಯ ಕಡೆಯಿಂದ ಇತ್ತ ಮುಖ ತಿರುಗಿಸಿದಳು.

"ಗಾಳಿ ಚೆನ್ನಾಗಿ ಬಂತಾ?"

"ಬಂತು" ಅಂದಳು ಗಾದ್ರಮ್ಮ, ನೆಲ ನೋಡುತ್ತ.

"ಹೋಗು, ರೊಟ್ಟಿ ಬಡಿ. ಚನ್ನಗಿರಿಗೆ ಬರ್ತೀನಿ. ಪಕ್ಕದ್ಮನೆ ಹಾಲೇಶಪ್ಪನ್ನೂ ಕರಿ. ನಿನ್ನೊಬ್ಬಳನ್ನೇ ನಂಬಾಕೆ ನಂಗಿನ್ನೂ ಆಗಲ್ಲ."

ತಾನ್ಯಾಕೆ ಬರಬೇಕು ಅಂತ ಹಾಲೇಶಪ್ಪ ಕೇಳಿದರೆ ಅವನಿಗೂ ಪೂರ್ತಿ ಹೇಳಬೇಕಲ್ಲ ಎಂದು ಗಾದ್ರಮ್ಮನ ಕಿವಿ ಬಿಸಿಯಾಯಿತು. ಆದರೂ ಹೋಗಿ ಬಾಗಿಲು ಬಡಿದಳು.