ಗ್ಯಾರೇಜಿನಲ್ಲಿ ಒಗ್ಗರಣೆ

ನಮ್ಮ ಮನೆಯಲ್ಲಿ ಒಂದು ಒಗ್ಗರಣೆ ಜಾಕೆಟ್ ಇದೆ.

ನಗಬೇಡಿ. ಜನವರಿಯಲ್ಲಿ ನ್ಯೂಜೆರ್ಸಿಯ ಗ್ಯಾರೇಜಿನಲ್ಲಿ ನಿಂತು ಸಾಸಿವೆ ಸಿಡಿಸಿ ನೋಡಿ, ಆಗ ಗೊತ್ತಾಗುತ್ತದೆ. ನನ್ನ ಹಳೆಯ ವಿಂಟರ್ ಜಾಕೆಟ್ ಅದು. ಮೊಣಕೈ ಹತ್ತಿರ ಹರಿದಿದೆ, ಝಿಪ್ ಅರ್ಧಕ್ಕೇ ನಿಲ್ಲುತ್ತದೆ, ಮೈತುಂಬ ಇಂಗಿನ ವಾಸನೆ. ಸಾರು ಕುದಿ ಬಂದ ತಕ್ಷಣ ನನ್ನ ಹೆಂಡತಿ ನಳಿನಿ ಅದನ್ನು ತೊಟ್ಟು, ಅದರ ಟೊಪ್ಪಿಗೆ ಎಳೆದುಕೊಂಡು, ಒಗ್ಗರಣೆ ಸೌಟು ಹಿಡಿದು ಗ್ಯಾರೇಜಿಗೆ ಇಳಿಯುತ್ತಾಳೆ. ಅಲ್ಲಿ ಕಾರಿನ ಪಕ್ಕ, ಹಿಮ ಎತ್ತುವ ಸಲಿಕೆಯ ಕೆಳಗೆ, ಒಂದು ಪುಟ್ಟ ಎಲೆಕ್ಟ್ರಿಕ್ ಒಲೆ. ಹೊಗೆ ಹೋಗಲಿ ಎಂದು ಗ್ಯಾರೇಜಿನ ಬಾಗಿಲನ್ನು ಮೊಣಕಾಲೆತ್ತರಕ್ಕೆ ಎತ್ತಿರುತ್ತಾಳೆ. ಹೊಗೆ ಹೋಗುತ್ತದೆ. ಗಾಳಿ ಬರುತ್ತದೆ.

ಒಳಗೆ ನೋಡಿದರೆ ಗ್ರಾನೈಟ್ ಕೌಂಟರಿನ, ನಾಲ್ಕು ಬರ್ನರಿನ, ಫಳಫಳ ಹೊಳೆಯುವ ಅಡುಗೆಮನೆ. ಅಲ್ಲಿ ಅನ್ನವಾಗುತ್ತದೆ, ಬೇಳೆ ಬೇಯುತ್ತದೆ, ಹಾಲು ಕಾಯುತ್ತದೆ. ಎಣ್ಣೆ ಮಾತ್ರ ಕಾಯುವುದಿಲ್ಲ.

ಯಾಕೆ? ಇಲ್ಲಿಯ ನಮ್ಮವರನ್ನು ಯಾರನ್ನಾದರೂ ಕೇಳಿ, ಒಂದೇ ಉತ್ತರ: ರೀಸೇಲ್.

ಮನೆ ಕೊಂಡ ದಿನದಿಂದಲೇ ನಮಗೆ ಅದನ್ನು ಮಾರುವ ದಿನದ ಚಿಂತೆ. ಗೋಡೆಗೆ ಹಸಿರು ಬಣ್ಣ ಹೊಡೆಸೋಣವೇ? ಬೇಡ, ಮುಂದೆ ಕೊಳ್ಳುವವರಿಗೆ ಹಿಡಿಸದಿದ್ದರೆ? ಫೋಟೋ ಹಾಕಲು ಒಂದು ಮೊಳೆ? ಬೇಡ, ತೂತು ಉಳಿಯುತ್ತದೆ. ಒಗ್ಗರಣೆ? ವಾಸನೆ ಕಾರ್ಪೆಟ್ಟಿಗೆ ಹತ್ತಿತೆಂದರೆ ಮುಗಿಯಿತು. ಹೀಗೆ ನಮ್ಮೆಲ್ಲರ ಮನೆಗಳಲ್ಲೂ ಕಣ್ಣಿಗೆ ಕಾಣದ ಒಬ್ಬರು ವಾಸವಾಗಿದ್ದಾರೆ. ಮುಂದಿನ ಯಜಮಾನರು. ಅವರ ಹೆಸರು ಗೊತ್ತಿಲ್ಲ, ಮುಖ ನೋಡಿಲ್ಲ. ಆದರೆ ಅವರಿಗೆ ಏನು ಸೇರುತ್ತದೆ, ಏನು ಸೇರುವುದಿಲ್ಲ ಎಂಬುದೆಲ್ಲ ನಮಗೆ ಬಾಯಿಪಾಠ. ಜೊತೆಗಿರುವವರದು ಅಷ್ಟು ಗೊತ್ತಿದೆಯೇ?

ಈ ಪ್ರಶ್ನೆ ನನ್ನದಲ್ಲ. ಹೋದ ತಿಂಗಳು ಮನೆ ನೋಡಲು ಬಂದ ಗಾಯತ್ರಿ ಕೇಳಿದ್ದು.

ಅದಕ್ಕೆ ಮುಂಚಿನದಿಷ್ಟು ಹೇಳಿಬಿಡುತ್ತೇನೆ. ಇಸವಿ ಎರಡು ಸಾವಿರವಾದರೆ ಕಂಪ್ಯೂಟರುಗಳೆಲ್ಲ ಕೆಟ್ಟುಹೋಗುತ್ತವೆಂಬ ವೈಟುಕೆ ಗಲಾಟೆ ಮುಗಿದು, ಲೋಕ ಮುಳುಗದೆ, ನಮ್ಮವರಿಗೆಲ್ಲ ಕೈತುಂಬ ಕೆಲಸ, ಕಣ್ತುಂಬ ಸ್ಟಾಕ್ ಆಪ್ಶನ್ನಿನ ಕನಸು. ಮಾನ್ಮತ್ ಜಂಕ್ಷನ್ನಿನ ನಮ್ಮ ಟೌನ್‌ಹೌಸ್ ಸಾಲಿನಿಂದ ಆಗಾಗ ಒಂದು ಮನೆಯವರು ಟ್ರಕ್ ತರಿಸಿ ದೊಡ್ಡ ಮನೆಗೆ ಹೊರಟುಬಿಡುತ್ತಾರೆ. ನನಗೂ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಫಿಲಾಸಫಿಯಲ್ಲಿ ಎಂ.ಎ. ಮಾಡಿ ಡೇಟಾಬೇಸಿಗೆ ಹಾರಿದವನು ನಾನು, ಒಂದು ಮನೆಯಿಂದ ಇನ್ನೊಂದಕ್ಕೆ ಹಾರುವುದು ಏನು ಮಹಾ? ಬೇಸಿಗೆಯೊಳಗೆ ಇದನ್ನು ಮಾರಿಬಿಡುವುದು ಎಂದು ತೀರ್ಮಾನಿಸಿದೆ. ಹೊಸದೊಂದನ್ನು ನೋಡಿಯೂ ಇಟ್ಟೆ. ನಳಿನಿಗೆ ಹೇಳಿದೆ:

“ಅಲ್ಲಿ ಎರಡು ಕಾರಿನ ಗ್ಯಾರೇಜು. ನಿನಗೆ ಎಷ್ಟು ಜಾಗ ನೋಡು.”

ಅವಳು ನನ್ನ ಮುಖವನ್ನೇ ನೋಡಿದಳು. ಒಪ್ಪಿಗೆ ಎಂದುಕೊಂಡೆ. (ನಾನು ಸಂಶಯವಾದಿ ಎಂದು ಈ ಅಂಕಣದಲ್ಲಿ ಆಗಾಗ ಕೊಚ್ಚಿಕೊಂಡಿದ್ದೇನೆ. ನನಗೆ ಅನುಕೂಲವಾದ ಸಂಗತಿಗಳಲ್ಲಿ ಮಾತ್ರ ಸಂಶಯ ಬರುವುದಿಲ್ಲ.)

ಮಾರುವ ಮುಂಚೆ ಮನೆ ಸ್ವಲ್ಪ ಸ್ಟೈಲಿಶ್ ಆಗಿ ಕಾಣಲಿ ಎಂದು ಗಾಯತ್ರಿಯನ್ನು ಕರೆದೆ. ಹುಬ್ಬಳ್ಳಿಯವಳು. ಗಂಡನ ವೀಸಾದ ಮೇಲೆ ಬಂದು ಕೆಲಸ ಮಾಡುವ ಹಾಗಿಲ್ಲದೆ ವರ್ಷಗಟ್ಟಲೆ ಕೂತವಳು, ಆ ಹೊತ್ತಿನಲ್ಲೇ ಹತ್ತಿರದ ಕಾಲೇಜಿನಲ್ಲಿ ಇಂಟೀರಿಯರ್ ಡಿಸೈನ್ ಕಲಿತಳು. ಗ್ರೀನ್ ಕಾರ್ಡ್ ಬಂದ ಮೇಲೆ ನಮ್ಮವರ ಮನೆಗಳನ್ನು ಅಣಿಮಾಡಿಕೊಡುತ್ತಾಳೆ. ಎಡಿಸನ್ನಿನ ಡಾಕ್ಟರ್ ದಂಪತಿ ಬಿಳಿ ಲೆದರ್ ಸೋಫಾ ಬೇಕೆಂದು ಕರೆದರೆ, ಮೊದಲು ಅವರ ಬೆಡ್‌ರೂಮಿಗೆ ದಪ್ಪ ಪರದೆ ಹಾಕಿಸಿದಳಂತೆ. ಇಬ್ಬರಿಗೂ ನೈಟ್ ಡ್ಯೂಟಿ, ಮಧ್ಯಾಹ್ನ ನಿದ್ದೆಯಿಲ್ಲ, ಸೋಫಾದ ಮೇಲೆ ಕೂರುವವರು ಯಾರು? ಮ್ಯಾನ್‌ಹಟನ್ನಿನ ಕರ್ಚೀಫಿನಷ್ಟು ಅಗಲದ ಅಪಾರ್ಟ್‌ಮೆಂಟಿನ ಬ್ರಹ್ಮಚಾರಿಗೆ ನಾಲ್ಕು ಕುರ್ಚಿಯ ಊಟದ ಟೇಬಲ್ ತೆಗೆಸಿ ಅಗಲವಾದ ಒಂದು ಆರಾಮ ಕುರ್ಚಿ ಕೊಡಿಸಿದಳಂತೆ. ಅವನು ಊಟ ಮಾಡುವುದೇ ಟಿವಿ ಮುಂದೆ.

“ಮನಿ ಆಮ್ಯಾಲೆ ನೋಡೋಣ್ರಿ, ಮೊದಲ ಮಂದಿ ನೋಡೋಣು” ಎನ್ನುವುದು ಅವಳ ಪಾಲಿಸಿ. ಅದಕ್ಕೇ ಅವಳು ಮುಂಬಾಗಿಲಿನಿಂದ ಬರುವುದಿಲ್ಲ. ಮನೆಯವರು ಯಾವ ಬಾಗಿಲಿನಿಂದ ಓಡಾಡುತ್ತಾರೋ, ಶೂ ಎಲ್ಲಿ ಕಳಚುತ್ತಾರೋ ಅಲ್ಲಿಂದ ಶುರು. ನಮ್ಮ ಮನೆಯಲ್ಲಿ ಅದು ಗ್ಯಾರೇಜು.

ಬಂದವಳು ಶೂ ಬಿಚ್ಚಿ ಒಳಗೆ ಕಾಲಿಟ್ಟು ಒಮ್ಮೆ ಮೂಗೆಳೆದಳು. ಮತ್ತೆ ಗ್ಯಾರೇಜಿಗೆ ಹೋದಳು. ಮತ್ತೆ ಒಳಗೆ ಬಂದಳು.

“ಅಣ್ಣಾ, ನಿಮ್ಮ ಮನಿ ಹೊರಗದ ಏನ್ರಿ?”

“ಅಂದ್ರೆ?”

“ಗ್ಯಾರೇಜಿನಾಗ ಮನಿ ವಾಸನಿ ಅದ. ಮನಿಯೊಳಗ ಶೋರೂಮಿನ ವಾಸನಿ ಅದ.”

ನಾನು ಹೆಮ್ಮೆಯಿಂದ ನಕ್ಕೆ. ನಾಲ್ಕು ವರ್ಷ ಕಾಪಾಡಿಕೊಂಡು ಬಂದದ್ದಲ್ಲವೇ? ಅವಳು ನಗಲಿಲ್ಲ. ಹ್ಯಾಂಡ್‌ಬ್ಯಾಗಿನಿಂದ ಅಳತೆ ಟೇಪು ತೆಗೆದು ಗ್ಯಾರೇಜಿನ ಒಲೆಯಿಂದ ಅಡುಗೆಮನೆಯ ಒಲೆಯವರೆಗೆ ಎಳೆದಳು. ಲಾಂಡ್ರಿ ರೂಮು ದಾಟಿ, ಎರಡು ಮೆಟ್ಟಿಲು ಹತ್ತಿ, ಒಂದು ತಿರುವು. ಇಪ್ಪತ್ತಾರು ಅಡಿ.

“ವೈನಿ, ಇಲ್ಲಿತನಕಾ ಸೌಟು ಹಿಡ್ಕೊಂಡು ಬರ್ತೀರಿ? ಸಾರಿಗೆ ಹಾಕಿದ್ರ ಚೊಂಯ್ ಅಂತದ ಏನ್ರಿ?”

ವೈನಿ ಎಂದರೆ ಅತ್ತಿಗೆ. ನಳಿನಿ ಕೌಂಟರ್ ಒರೆಸುತ್ತಿದ್ದಳು. ಒರೆಸುತ್ತಲೇ ಹೇಳಿದಳು. “ಇಲ್ಲಪ್ಪ. ಅಷ್ಟೊತ್ತಿಗೆ ಆರಿರುತ್ತೆ. ಸುಮ್ನೆ ಇಳಿಯುತ್ತೆ.”

ಸುಮ್ಮನೆ ಇಳಿಯುತ್ತದೆ. ನಾಲ್ಕು ವರ್ಷ ಆ ಸಾರನ್ನು ಉಂಡಿದ್ದೇನೆ. ಅದು ಸುಮ್ಮನೆ ಇಳಿಯುವುದು ನನಗೆ ಗೊತ್ತಿರಲಿಲ್ಲ.

“ಈ ವ್ಯವಸ್ಥಾ ಯಾರ ಐಡಿಯಾ?” ಎಂದಳು ಗಾಯತ್ರಿ.

“ಇವಳದು” ಎಂದೆ ನಾನು. “ಇವರದು” ಎಂದಳು ನಳಿನಿ. ಒಟ್ಟಿಗೇ.

ನನಗೆ ಸ್ಪಷ್ಟವಾಗಿ ನೆನಪಿತ್ತು. ಮನೆಗೆ ಬಂದ ಮೊದಲ ದಿನ. ಖಾಲಿ ಅಡುಗೆಮನೆಯ ಮಧ್ಯೆ ನಳಿನಿ ನಿಂತಿದ್ದಳು. ಕಾರ್ಪೆಟ್ಟಿನ ಕಡೆ ಕೈತೋರಿಸಿ, “ಒಗ್ಗರಣೆ ಗ್ಯಾರೇಜಲ್ಲೇ ಹಾಕ್ತೀನಿ ಬಿಡಿ” ಅಂದಿದ್ದಳು. ಇದನ್ನು ಗಾಯತ್ರಿಗೆ ವಿವರಿಸಿದೆ. ಸಾಕ್ಷಿಗೆ, ಅಂದು ನಳಿನಿ ತೊಟ್ಟಿದ್ದ ನೀಲಿ ಸ್ವೆಟರಿನ ಬಗ್ಗೆಯೂ ಹೇಳಿದೆ.

“ಆ ಸ್ವೆಟರ್ ತಗೊಂಡಿದ್ದು ಹೋದ ವರ್ಷ ಕಣ್ರೀ” ಎಂದಳು ನಳಿನಿ.

ನನ್ನ ನೆನಪಿನ ಮೇಲೆ ನನಗೇ ಅಷ್ಟು ನಂಬಿಕೆಯಿಲ್ಲ ಎಂಬುದು ನಿಮಗೆ ಹಳೆಯ ಸುದ್ದಿ. ಓದುಗರೇ ಪತ್ರ ಬರೆದು ತಿದ್ದಿದ್ದೀರಿ. ಆದರೂ ವಾದ ಬಿಡಲಿಲ್ಲ. ಸ್ವೆಟರ್ ತಪ್ಪಿರಬಹುದು, ಮಾತು ತಪ್ಪಿಲ್ಲ. ಪುರಾವೆ ಎಲ್ಲಿ, ಎಂದೆ. ಯೂನಿವರ್ಸಿಟಿಯಲ್ಲಿ ನಾನು ಸರಿಯಾಗಿ ಕಲಿತದ್ದು ಅದೊಂದು ಪ್ರಶ್ನೆಯನ್ನೇ.

ನಳಿನಿ ಕೈ ಒರೆಸಿಕೊಂಡು ಮೇಲೆ ಹೋದಳು. ಒಂದು ಫೈಲ್ ತಂದಳು. ಅದರಲ್ಲಿ ಈ ಅಂಕಣದ ಕಟಿಂಗ್‌ಗಳಿದ್ದವು. ಎಲ್ಲವೂ, ವಾರದ ಪ್ರಕಾರ ಜೋಡಿಸಿ. (ನಾನು ಇಟ್ಟಿಲ್ಲ. ಅವಳು ಇಟ್ಟಿದ್ದಾಳೆಂದೂ ಗೊತ್ತಿರಲಿಲ್ಲ.) ಹೆಚ್ಚು ಹುಡುಕಲಿಲ್ಲ, ಪುಟ ಅವಳಿಗೆ ಗೊತ್ತಿತ್ತು. ಗಾಯತ್ರಿಯ ಕೈಗೆ ಕೊಟ್ಟಳು. ಗಾಯತ್ರಿ ಗಟ್ಟಿಯಾಗಿ ಓದಿದಳು:

“ಹೊಸ ಮನೆಗೆ ಕಾಲಿಟ್ಟ ದಿನವೇ ಫರ್ಮಾನು ಹೊರಡಿಸಿದೆ. ಇನ್ನು ಒಗ್ಗರಣೆ, ಹಪ್ಪಳ, ಸಂಡಿಗೆ ಎಲ್ಲ ಗ್ಯಾರೇಜಿನಲ್ಲಿ. ಹೆಂಡತಿ ನಕ್ಕಳು.”

ನನ್ನದೇ ಗದ್ಯ. ನನ್ನದೇ ಚಿಕ್ಕ ಚಿಕ್ಕ ವಾಕ್ಯ. ಆಗ ನಿಮ್ಮಲ್ಲಿ ಕೆಲವರು ಓದಿ ನಕ್ಕಿರಲೂಬಹುದು.

ಗಾಯತ್ರಿ ನನ್ನ ಕಡೆ ನೋಡಲಿಲ್ಲ, ದೊಡ್ಡ ಮನಸ್ಸು. ನಳಿನಿ ಫೈಲ್ ಮುಚ್ಚುತ್ತಾ, ಜಗಳದ ದನಿಯಲ್ಲೇನೂ ಅಲ್ಲ, ಹವಾಮಾನ ಹೇಳುವ ಹಾಗೆ ಹೇಳಿದಳು:

“ನಾನು ನಕ್ಕಿರ್ಲಿಲ್ಲ.”

ನೆನಪು ಕೂಡ ನಮ್ಮ ಟೌನ್‌ಹೌಸಿನ ಹಾಗೆಯೇ ಇರಬೇಕು. ಕಲೆ ಕಾಣಬಾರದೆಂದು ಆಗಾಗ ಬಿಳಿ ಬಳಿಯುತ್ತಲೇ ಇರುತ್ತೇವೆ. ಮೊದಲ ಸಲ ಬಳಿದಾಗ ನನ್ನ ಹುಕುಮಿಗೆ ಅವಳ ನಗು ಸೇರಿಸಿದೆ. ಆಮೇಲೆ ಯಾವಾಗಲೋ ಇನ್ನೊಂದು ಕೋಟ್ ಬಳಿದು ಹುಕುಮನ್ನೂ ಅವಳದೇ ಮಾಡಿಬಿಟ್ಟೆ. ನೀಲಿ ಸ್ವೆಟರ್ ತೊಡಿಸಿ.

“ಈಗ ಹೇಳ್ರಿ” ಎಂದಳು ಗಾಯತ್ರಿ. “ನಾ ಈ ಮನಿ ಯಾರ ಸಲುವಾಗಿ ರೆಡಿ ಮಾಡ್ಬೇಕು? ಮುಂದ ಬರೂ ಮಂದೀದು ನಿಮಗ ಎಲ್ಲಾ ಗೊತ್ತದ. ಜೋಡಿ ಇರೋರದು ಅಷ್ಟು ಗೊತ್ತದ ಏನ್ರಿ?”

ನಾನು ನಳಿನಿಯನ್ನು ನೋಡಿದೆ. ಈ ಮನೆ ಮಾರುವ ಬಗ್ಗೆ ಅವಳನ್ನು ಒಂದು ಸಲವೂ ಕೇಳಿರಲಿಲ್ಲ ಎಂಬುದು ಆಗ ಹೊಳೆಯಿತು. ಗ್ಯಾರೇಜು ದೊಡ್ಡದು ಎಂದು ಹೇಳಿದ್ದೆ, ಅಷ್ಟೆ.

“ಮಾರೋದಾದ್ರೆ ಮಾರಿ” ಎಂದಳು. “ನಾನು ಬೇಡ ಅನ್ನಲ್ಲ. ಆದ್ರೆ ಈ ಮನೇಲಿ ನಾನು ಇನ್ನೂ ಇದ್ದೇ ಇಲ್ಲ ಅನ್ಸುತ್ತೆ. ಒಂದು ಸಲ ಒಳಗೆ ನಿಂತು ಒಗ್ಗರಣೆ ಹಾಕ್ಬೇಕು. ಆಮೇಲೆ ಎಲ್ಲಿಗೆ ಬೇಕಾದ್ರೂ ಬರ್ತೀನಿ.”

ಕೇಳಿದ್ದು ಅಷ್ಟೇ. ಇಟಾಲಿಯನ್ ಟೈಲ್ಸ್ ಅಲ್ಲ, ಬಾಗಿದ ಸೋಫಾ ಅಲ್ಲ. ಒಂದು ಚೊಂಯ್.

ಗಾಯತ್ರಿ ಆಗಲೇ ಕುರ್ಚಿ ಹತ್ತಿ ನಮ್ಮ ಒಲೆಯ ಮೇಲಿನ ಫ್ಯಾನನ್ನು ಪರೀಕ್ಷಿಸುತ್ತಿದ್ದಳು. “ಇದು ಹೊಗಿ ಹೊರಗ ಹಾಕೂದಿಲ್ರಿ. ಇಲ್ಲಿಂದ ತಗೊಂಡು ಇಲ್ಲೇ ಬಿಡತದ. ಹೊರಗಿನ ಗೋಡಿಗೆ ತೂತು ಹೊಡೀಬೇಕು.”

ಹೊರಗೋಡೆಗೆ ತೂತು. ಒಂದು ಮೊಳೆಗೂ ಹೆದರುವವನು ನಾನು. ಟೌನ್‌ಹೌಸೆಂದರೆ ಹೊರಗೋಡೆ ಪೂರ್ತಿ ನಮ್ಮದಲ್ಲ, ಇಡೀ ಸಾಲಿನ ಮನೆಯವರ ಅಸೋಸಿಯೇಷನ್ನಿನ ಒಪ್ಪಿಗೆ ಬೇಕು. ಫಾರ್ಮ್ ತರಿಸಿದೆ. ಅದರಲ್ಲಿ ‘ಬದಲಾವಣೆಗೆ ಕಾರಣ’ ಎಂದೊಂದು ಸಾಲು. ಟ್ರೈನಿನಲ್ಲಿ ಮ್ಯಾನ್‌ಹಟನ್ನಿಗೆ ಕಮ್ಯೂಟ್ ಮಾಡುತ್ತಾ ಎರಡು ದಿನ ಆ ಸಾಲಿನ ಮುಂದೆ ಪೆನ್ನು ಹಿಡಿದು ಕೂತಿದ್ದೆ. ವೆಂಟಿಲೇಷನ್ ಎಂದು ಬರೆದೆ. ಹೊಡೆದು ಹಾಕಿದೆ. ಕೊನೆಗೆ ‘ನನ್ನ ಹೆಂಡತಿ ಇಲ್ಲಿ ಅಡುಗೆ ಮಾಡುತ್ತಾಳೆ’ ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಒಪ್ಪಿಗೆ ಬಂತು. ನಾಲ್ಕು ವರ್ಷ ನಾನು ಯಾವ ತೂತಿಗೆ ಹೆದರಿದ್ದೆನೋ ಅದಕ್ಕೆ ಅವರು ಒಂದು ಸೀಲು ಒತ್ತಿ ಕಳಿಸಿದ್ದರು, ಅಷ್ಟೆ.

ಹೋದ ಶನಿವಾರ ಕೆಲಸದವರು ಬಂದರು. ಗರಗಸ ಗೋಡೆಗೆ ಇಳಿದಾಗ ನಾನು ಹೊರಗೆ ಹುಲ್ಲಿನ ಮೇಲೆ ನಿಂತಿದ್ದೆ. ಪ್ಲಾಸ್ಟರ್ ಪುಡಿ ಉದುರಿತು. ತಟ್ಟೆಯಷ್ಟು ಅಗಲದ ತೂತಾಯಿತು. ಅದರಾಚೆ ನಳಿನಿಯ ಮುಖ ಕಂಡಿತು. ಒಳಗಿನಿಂದ ನನ್ನನ್ನು ನೋಡಿ, “ಒಳಗೆ ಬನ್ನಿ, ಚಳಿ” ಎಂದಳು. ಅವಳು ಒಳಗೆ ಬೆಚ್ಚಗೆ, ನಾನು ಹೊರಗೆ ಚಳಿಯಲ್ಲಿ. ನ್ಯಾಯ ಅನ್ನಿಸಿತು.

ಅವತ್ತು ಸಂಜೆ ತಿಳಿಸಾರು. ತೂತಿಗೆ ಜೋಡಿಸಿದ ಫ್ಯಾನ್ ಹಾಕಿದಳು. ಅಡುಗೆಮನೆಯ ಒಲೆಯ ಮೇಲೆ ಸೌಟಿಟ್ಟು ತುಪ್ಪ ಬಿಟ್ಟಳು. ಸಾಸಿವೆ ಸಿಡಿಯಿತು, ಇಂಗು, ಕರಿಬೇವು, ಎರಡು ಒಣಮೆಣಸಿನಕಾಯಿ. ಪಕ್ಕದ ಪಾತ್ರೆಗೆ ಸೌಟು ಬಗ್ಗಿಸಿದಳು. ಇಪ್ಪತ್ತಾರು ಅಡಿಯಲ್ಲ, ಒಂದು ಗೇಣು. ಚೊಂಯ್ ಎಂದಿತು. ಎಷ್ಟು ಜೋರಾಗಿ ಎಂದರೆ, ಮೇಲೆ ಹೋಂವರ್ಕ್ ಮಾಡುತ್ತಿದ್ದ ಒಂಬತ್ತು ವರ್ಷದ ನಮ್ಮ ಅನಘಾ ಮೆಟ್ಟಿಲಿಳಿದು ಬಂದಳು. ಮೂಗರಳಿಸಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳು ಹೇಳಿದ್ದರ ಅರ್ಥ ಇಷ್ಟು:

“ಅಮ್ಮಾ, ಅಡುಗೆಮನೆ ನಮ್ಮ ಗ್ಯಾರೇಜಿನ ಥರ ಘಮ್ ಅಂತಿದೆ.”

ನಾಲ್ಕು ವರ್ಷ ನಾನು ಅವಳಿಗೆ ಯಾವುದನ್ನು ಮನೆ ಎಂದು ತೋರಿಸಿದೆ? ಅವಳ ಮೂಗು ಯಾವುದನ್ನು ಮನೆ ಎಂದುಕೊಂಡಿತ್ತು?

ನಳಿನಿ ನಕ್ಕಳು.

ಈ ಸಲ ಎಚ್ಚರವಾಗಿದ್ದೇನೆ. ಇಷ್ಟು ಬರೆದವನು ಇಲ್ಲಿಗೆ ನಿಲ್ಲಿಸಿ, ಹಾಳೆ ತೆಗೆದುಕೊಂಡು ಹೋಗಿ ಅವಳನ್ನೇ ಕೇಳಿದೆ: “ನೀನು ನಕ್ಕೆ ತಾನೆ?”

“ಮೆಣಸಿನಕಾಯಿ ಘಾಟಿಗೆ ಕೆಮ್ಮಿದೆ” ಎಂದಳು. ಆಮೇಲೆ ಹಾಳೆಯನ್ನು ಇಸಿದುಕೊಂಡು ಓದಿ ವಾಪಸ್ ಕೊಟ್ಟಳು. “ಇರ್ಲಿ ಬಿಡಿ. ಆಮೇಲೆ ನಕ್ಕೆ.”

ಒಗ್ಗರಣೆ ಜಾಕೆಟ್ ಇನ್ನೂ ಲಾಂಡ್ರಿ ರೂಮಿನ ಗೂಟದಲ್ಲೇ ಇದೆ. ಒಗೆಯೋಣ ಎಂದೆ. ಅನಘಾ ಬಿಡಲಿಲ್ಲ. ಮನೆ ಮಾರಿಕೊಡುವ ರಿಯಲ್ಟರಿಗೆ ಸದ್ಯ ಬರಬೇಡಿ ಎಂದು ಫೋನ್ ಮಾಡಿದ್ದೇನೆ. ಎಂದೂ ಮಾರುವುದಿಲ್ಲ ಎಂಬ ಶಪಥವೇನೂ ಇಲ್ಲ. ಈ ಊರಿನಲ್ಲಿ ಅಂಥ ಶಪಥ ಯಾರೂ ಮಾಡುವುದಿಲ್ಲ, ಮಾಡಿದರೂ ನನ್ನ ನೆನಪಿನಲ್ಲಿ ಅದು ಎಷ್ಟು ದಿನ ಉಳಿದೀತು? ಹೊರಡುವ ದಿನ ಬಂದರೆ ಈ ಸಲ ಕೇಳಿ ಹೊರಡುತ್ತೇನೆ.

ಗೋಡೆಯಲ್ಲಿ ತೂತಿದೆ, ಕಾರ್ಪೆಟ್ಟಿನಲ್ಲಿ ಇಂಗಿದೆ. ಮುಂದಿನ ಯಜಮಾನರು ಬಂದಾಗ ಬರಲಿ, ಅವರಿಗೂ ಹಸಿವಾಗುವುದಿಲ್ಲವೇ?